ಜಗನ್ಮೋಹನದಿಂದ ಗೋಕುಲಂಗೆ: ಯೋಗದ ದುಡ್ಡಿನ ಜಾಡು

ಅರಮನೆ, ಬೆಟ್ಟ ನೋಡಿದ ವಿದೇಶಿಯರಲ್ಲಿ ಅನೇಕರು ಮರುದಿನವೇ ಊಟಿ ಬಸ್ಸು ಹತ್ತುತ್ತಾರೆ. ಮೈಸೂರಿನಲ್ಲಿ ತಿಂಗಳುಗಟ್ಟಲೆ ಉಳಿಯುವವರು ಯೋಗದವರು. ಅವರ ಜಾಡು ಹಿಡಿಯಬೇಕಾದರೆ, ಅವರು ಬಾಡಿಗೆಗೆ ಇಳಿಯುವ ಗೋಕುಲಂ ಬಡಾವಣೆಗಿಂತ ಮೊದಲು ಜಗನ್ಮೋಹನ ಅರಮನೆಗೆ ಹೋಗಬೇಕು.

ಈಗ ಚಿತ್ರಶಾಲೆಯಿರುವ ಈ ಆವರಣದಲ್ಲೇ 1933ರಲ್ಲಿ ನಾಲ್ವಡಿಯವರು ಯೋಗಗುರು ಕೃಷ್ಣಮಾಚಾರ್ಯರಿಗೆ ಯೋಗಶಾಲೆ ತೆರೆಸಿಕೊಟ್ಟರು. ಖರ್ಚು ಅರಮನೆಯದು. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್, ರಿಗಾದಲ್ಲಿ ಹುಟ್ಟಿದ ಇಂದ್ರಾದೇವಿ ಮೂವರೂ ಆಚಾರ್ಯರ ಶಿಷ್ಯರೇ.

ಅಲ್ಲಿಂದ ಲಕ್ಷ್ಮೀಪುರಂಗೆ ನಡೆದೇ ಹೋಗಬಹುದು. ಜೋಯಿಸರು ಇಲ್ಲಿನ ಮನೆಯಲ್ಲಿ ಪಾಠ ಹೇಳುತ್ತಿದ್ದರು. ಹನ್ನೆರಡು ಜನಕ್ಕೆ ಕೊಠಡಿ ಭರ್ತಿ. 1964ರಲ್ಲಿ ಬೆಲ್ಜಿಯಂನ ಆಂದ್ರೆ ವ್ಯಾನ್ ಲಿಸೆಬೆತ್ ಬಂದು ಕಲಿತು, ತಮ್ಮ ಪುಸ್ತಕದಲ್ಲಿ ಜೋಯಿಸರ ವಿಳಾಸ ಕೊಟ್ಟರು. ಯುರೋಪಿನ ದಾರಿ ತೆರೆದದ್ದು ಹಾಗೆ, ಯಾವ ಪ್ರವಾಸೋದ್ಯಮ ಇಲಾಖೆಯ ಜಾಹೀರಾತಿನಿಂದಲೂ ಅಲ್ಲ.

ಇಂದು ನ್ಯೂಯಾರ್ಕ್, ಹೆಲ್ಸಿಂಕಿಗಳಲ್ಲೂ ಜೋಯಿಸರ ವಿಧಾನದ, ಒಬ್ಬೊಬ್ಬರೂ ತಮ್ಮ ಗತಿಯಲ್ಲಿ ಅಭ್ಯಾಸ ಮಾಡುವ ‘ಮೈಸೂರು ಶೈಲಿ’ ತರಗತಿಗಳಿವೆ. ಆ ಶುಲ್ಕ ಅಲ್ಲಲ್ಲೇ ಉಳಿಯುತ್ತದೆ. ಮೈಸೂರು ರೇಷ್ಮೆ, ಮಲ್ಲಿಗೆ, ವೀಳ್ಯದೆಲೆಗೆ ಭೌಗೋಳಿಕ ಸೂಚಕದ, ಅಂದರೆ ಊರಿನ ಹೆಸರನ್ನು ಅಲ್ಲಿನ ಸರಕಿಗೇ ಮೀಸಲಿಡುವ ಕಾನೂನಿನ, ರಕ್ಷಣೆಯಿದೆ. ಆದರೆ ಆ ಕಾನೂನು ಸರಕಿಗೆ, ಕಲಿಸುವ ವಿಧಾನಕ್ಕಲ್ಲ. ಹಕ್ಕುಸ್ವಾಮ್ಯದ ಬಾಗಿಲೂ ಮುಚ್ಚಿದೆ: ಬಿಸಿ ಕೋಣೆಯಲ್ಲಿ ಮಾಡುವ ಬಿಕ್ರಂ ಯೋಗದ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಆಸನಗಳ ಅನುಕ್ರಮಕ್ಕೆ ಹಕ್ಕುಸ್ವಾಮ್ಯವಿಲ್ಲ ಎಂದಿತು. ಯೋಗ ಯಾರೊಬ್ಬರ ಆಸ್ತಿಯಾಗದಿದ್ದದ್ದು ಒಳ್ಳೆಯದೇ. ಊರಿನ ಪಾಲಿಗೆ ಮಾತ್ರ ಬಾಡಿಗೆ, ಕಾಫಿ, ಎಳನೀರು.

ಆ ಪಾಲು ಕಣ್ಣಿಗೆ ಬೀಳುವುದು ಗೋಕುಲಂನಲ್ಲಿ. ಜೋಯಿಸರ ಶಾಲೆ ಇಲ್ಲಿಗೆ ಬಂದದ್ದು 2002ರಲ್ಲಿ. ಬೆಳಗಿನ ಜಾವವೇ ಬನ್ನಿ. ಅಮಾವಾಸ್ಯೆ, ಹುಣ್ಣಿಮೆಯಂದು ಅಭ್ಯಾಸಕ್ಕೆ ರಜೆ. ಹನ್ನೊಂದು ತಿಂಗಳ ಕರಾರಿನ ಸಂಸಾರಸ್ಥರಿಗಿಂತ, ಮಂಚ, ಗ್ಯಾಸು, ವೈಫೈ ಸಮೇತ ತಿಂಗಳ ಲೆಕ್ಕದಲ್ಲಿ ಕೊಟ್ಟರೆ ಮಾಲೀಕರಿಗೆ ಲಾಭ ಹೆಚ್ಚು, ಆದರೆ ಋತು ಮುಗಿದರೆ ಮನೆ ಖಾಲಿ. 2020ರ ಮಾರ್ಚಿನಲ್ಲಿ ವಿಮಾನಗಳೇ ನಿಂತಾಗ ಈ ಲೆಕ್ಕ ಪೂರ್ತಿ ತಲೆಕೆಳಗಾಯಿತು.

ಅಲ್ಪಾವಧಿ ಯೋಗ ಕಲಿಕೆಗೆ ಇ-ಪ್ರವಾಸಿ ವೀಸಾ ಸಾಕು. ಮನೆ ಕೊಟ್ಟವರು 24 ಗಂಟೆಯೊಳಗೆ ಅತಿಥಿಯ ವಿವರವನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು. ಬಾಯಿಮಾತಿನಲ್ಲಿ ಇದು ‘ಸಿ ಫಾರಂ’. ಬಾಡಿಗೆ ಆದಾಯ ತೋರಿಸಲೊಲ್ಲದ ಮಾಲೀಕರು ಇದನ್ನು ತಪ್ಪಿಸುತ್ತಾರೆ, ವೀಸಾ ವಿಚಾರಣೆ ಬಂದಾಗ ಒದ್ದಾಡುವವರು ಅತಿಥಿಗಳು. ಸ್ಕೂಟರಿನದೂ ಇದೇ ಪಾಡು. ಬಾಡಿಗೆ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಫಲಕದ ಖಾಸಗಿ ಗಾಡಿಯನ್ನು ಅಗ್ಗಕ್ಕೆ ಪಡೆದು ಬಿದ್ದರೆ ವಿಮೆ ಕಂಪನಿ ಕೈ ಎತ್ತುತ್ತದೆ.