ಚಂದ್ರವಳ್ಳಿಯ ಹೂಳು
ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಇವತ್ತು ಚಹಾ ಕುಡಿಯುತ್ತಾ ಒಳ್ಳೇ ಮಾತುಕತೆ. ಇತಿಹಾಸದಲ್ಲಿ ಸಂಶೋಧನೆ ಮಾಡುವ ಗೆಳತಿ ಚಿತ್ರದುರ್ಗದ ಬಳಿಯ ಚಂದ್ರವಳ್ಳಿ ಶಾಸನದ ಫೋಟೋ ಹಿಗ್ಗಿಸಿ ತೋರಿಸಿದಳು. ಭೈರವೇಶ್ವರ ಗುಡಿ ಬಳಿಯ ಬಂಡೆ, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಕದಂಬ ರಾಜ ಮಯೂರಶರ್ಮ ಕೆರೆ ಕಟ್ಟಿಸಿದ ವಿಷಯ. ಅಕ್ಷರ ಸವೆದು ಓದುವುದರಲ್ಲೇ ವಿದ್ವಾಂಸರಿಗೆ ಭಿನ್ನಾಭಿಪ್ರಾಯ.

ಪಕ್ಕದಲ್ಲಿದ್ದ ಸಸ್ಯಶಾಸ್ತ್ರದ ಹುಡುಗ ಥಟ್ಟನೆ ಕೇಳಿದ: "ಅಕ್ಕಾ, ಆ ಕೆರೆ ಹೂಳು ಯಾರಾದ್ರೂ ನೋಡಿದಾರಾ? ಹಳೇ ಪದರದಲ್ಲಿ ಪರಾಗ ಉಳಿದಿದ್ರೆ ಸುತ್ತ ಏನೇನು ಬೆಳೀತಿತ್ತು ಅಂತ ಗೊತ್ತಾಗುತ್ತೆ."

ಎಂಥಾ ಪ್ರಶ್ನೆ! 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆದ ಜಾಗವದು, ರೋಮನ್ ನಾಣ್ಯ ಸಿಕ್ಕ ನೆಲ. ಅರ್ಥಶಾಸ್ತ್ರದವರಿಗೂ ಅಲ್ಲಿ ಕೆಲಸವಿದೆ. ವಿಭಾಗಗಳ ನಡುವೆ ಇಂಥ ಮಾತು ದಿನಾ ಆಗಬೇಕು. ಭಾನುವಾರ ಮೂವರೂ ದುರ್ಗದ ಬಸ್ಸು ಹತ್ತುತ್ತಿದ್ದೇವೆ.