ಕಲ್ಲಿನ ಮೇಲಿನ ಆಸ್ಟ್ರಿಡ್

ಸ್ಟಾಕ್‌ಹೋಮ್ ಹತ್ತಿರದ ಟೇಬಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯ ಹೆಸರು ಆಸ್ಟ್ರಿಡ್. ಆಕೆಯ ಮರಿಮಗಳ ಹೆಸರೂ ಆಸ್ಟ್ರಿಡ್. ಅಜ್ಜಿಗೆ 88, ಮರಿಮಗಳಿಗೆ 4. ನಡುವಿನ ಎರಡು ತಲೆಮಾರಿನಲ್ಲಿ ಆ ಹೆಸರಿನವರು ಯಾರೂ ಇಲ್ಲ.

ಸ್ವೀಡನ್ನಿನ ಕ್ಯಾಲೆಂಡರಿನಲ್ಲಿ ಹೆಚ್ಚುಕಡಿಮೆ ಎಲ್ಲ ದಿನಕ್ಕೂ ಒಂದೋ ಎರಡೋ ಹೆಸರಿದೆ. ನವೆಂಬರ್ 27 ಆಸ್ಟ್ರಿಡ್‌ಗೆ ಸೇರಿದ್ದು. ಆ ಹೆಸರಿನವರಿಗೆ ಅದು ಸಣ್ಣ ಹಬ್ಬ. ಹುಟ್ಟುಹಬ್ಬದಷ್ಟು ದೊಡ್ಡದಲ್ಲ, ಕಾಫಿ, ಕೇಕು, ಒಂದು ಹೂವು, ಅಷ್ಟೇ. ಆ ದಿನ ಬೆಳಿಗ್ಗೆ ಅಜ್ಜಿ ನಮ್ಮನ್ನೂ ಕರೆದರು. ನನ್ನ ಆರು ವರ್ಷದ ಮಗಳು ಕೇಕು ತಿನ್ನುತ್ತಲೇ ಕೇಳಿದಳು, "ಆಸ್ಟ್ರಿಡ್ ಅಂದ್ರೆ ಏನು?"

ಅಜ್ಜಿಗೆ ಆ ಪ್ರಶ್ನೆ ತುಂಬಾ ಇಷ್ಟವಾಯಿತು. ಈ ಕಡೆಯ ಹಿಂದಿನ ಕಾಲದ ಭಾಷೆಯಾದ ಹಳೆಯ ನಾರ್ಸ್‌ನಲ್ಲಿ ಇದು ಆಸ್ತ್ರೀದ್ರ್. 'ಆಸ್' ಅಂದರೆ ದೇವರು, ಓಡಿನ್, ಥೋರ್ ಅವರ ಕುಲದವರು. 'ಫ್ರೀದ್ರ್' ಅಂದರೆ ಚೆಲುವೆ. ದೇವರಂಥ ಚೆಲುವೆ ಅನ್ನಬಹುದು. ಅಜ್ಜಿ ಪರ್ಸಿನಿಂದ 20 ಕ್ರೋನರ್ ನೋಟು ತೆಗೆದು ಮಗಳ ಕೈಗಿಟ್ಟರು. ಅದರ ಮೇಲೆ ಮಕ್ಕಳ ಕಥೆಗಳ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ಮುಖವಿದೆ. ಅವರು ಹುಟ್ಟಿದ್ದು 1907ರಲ್ಲಿ, ಈ ಹೆಸರು ಜಾಸ್ತಿ ಇಡುತ್ತಿದ್ದ ಕಾಲದಲ್ಲಿ. ಆಮೇಲೆ ಅದು ಹಳೇ ಕಾಲದ ಹೆಸರಾಗಿ ಮೂಲೆಗೆ ಸರಿಯಿತು. ಈಗ ಮತ್ತೆ ಶಿಶುವಿಹಾರಗಳ ತುಂಬ ಆಸ್ಟ್ರಿಡ್‌ಗಳು. ಹೆಸರು ವಾಪಸ್ ಬರೋಕೆ ನೂರು ವರ್ಷ ಬೇಕು ಅಂತ ಇಲ್ಲಿನವರು ಹೇಳುತ್ತಾರೆ. ಮಗುವಿಗೆ ಹೆಸರಿಡುವಾಗ ತಮ್ಮ ಅಪ್ಪ ಅಮ್ಮನ ಕಾಲದ ಹೆಸರನ್ನು ಬಿಟ್ಟು ಮುತ್ತಜ್ಜಿಯ ಹೆಸರನ್ನು ಹುಡುಕುತ್ತಾರಂತೆ.

"ಬನ್ನಿ, ಇನ್ನೊಬ್ಬ ಆಸ್ಟ್ರಿಡ್‌ನ ತೋರಿಸ್ತೀನಿ" ಅಂದರು ಅಜ್ಜಿ. ಮೂರು ಗಂಟೆಗೆಲ್ಲ ಕತ್ತಲಾಗುವ ದಿನಗಳು. ಬೇಗನೆ ಕಾರು ಹತ್ತಿದೆವು.

ಹೋದದ್ದು ಬ್ರೂಬಿ ಸೇತುವೆಯ ಹತ್ತಿರಕ್ಕೆ, ನಮ್ಮ ಮನೆಯಿಂದ ಸ್ವಲ್ಪವೇ ದೂರ. ಅಲ್ಲಿ ಸಾವಿರ ವರ್ಷ ಹಳೆಯ ರೂನ್ ಕಲ್ಲುಗಳು, ಅಂದರೆ ರೂನ್ ಎಂಬ ಹಳೆಯ ಲಿಪಿ ಕೆತ್ತಿದ ಕಲ್ಲುಗಳು, ನಿಂತಿವೆ. ನನಗೆ ತಕ್ಷಣ ನಮ್ಮೂರಿನ ವೀರಗಲ್ಲು ನೆನಪಾಯಿತು. ಆದರೆ ಇಲ್ಲಿ ಶಿಲ್ಪಕ್ಕಿಂತ ಬರಹವೇ ಮುಖ್ಯ. ಕಲ್ಲಿನ ಮೇಲೆ ಹಾವಿನಂತೆ ಸುತ್ತಿದ ಪಟ್ಟಿ, ಅದರೊಳಗೆ ಅಕ್ಷರಗಳು.

ಅಜ್ಜಿ ಒಂದು ಕಲ್ಲಿನ ಮುಂದೆ ನಿಂತು ಬೆರಳಿಟ್ಟು ಓದಿದರು. ಆಸ್ತ್ರೀದ್ರ್ ಈ ಕಲ್ಲುಗಳನ್ನು ನಿಲ್ಲಿಸಿದಳು, ತನ್ನ ಗಂಡ ಒಯ್ಸ್ಟೈನ್‌ನ ನೆನಪಿಗೆ. ಅವನು ಜೆರುಸಲೇಮಿಗೆ ಹೋದ, ಗ್ರೀಕರ ನಾಡಿನಲ್ಲಿ ತೀರಿಕೊಂಡ.

ಅಷ್ಟೇ ಮಾತು. ನಾನು ಅಲ್ಲೇ ನಿಂತುಬಿಟ್ಟೆ. 11ನೇ ಶತಮಾನದಲ್ಲಿ ಇಲ್ಲಿಂದ ಜೆರುಸಲೇಮಿಗೆ! ಹೋದವನು ಬರಲಿಲ್ಲ. ಸುದ್ದಿ ಎಷ್ಟು ದಿನಕ್ಕೆ ಬಂತೋ.

ಇನ್ನೊಂದು ಕಲ್ಲು ಅದಕ್ಕೂ ಮೊದಲಿನದು. ಅದನ್ನು ಗಂಡ ಹೆಂಡತಿ ಇಬ್ಬರೂ ಸೇರಿ ನಿಲ್ಲಿಸಿದ್ದು, ಸತ್ತ ಮಗನಿಗಾಗಿ. ಮತ್ತೊಂದನ್ನು ಉಳಿದ ಗಂಡುಮಕ್ಕಳು ಅಪ್ಪನಿಗಾಗಿ ನಿಲ್ಲಿಸಿದ್ದು, ಸೇತುವೆಯನ್ನೂ ಕಟ್ಟಿದೆವು ಅಂತ ಬರೆಸಿದ್ದಾರೆ. ಒಂದು ಮನೆಯ ದುಃಖವೆಲ್ಲ ರಸ್ತೆ ಪಕ್ಕದಲ್ಲಿದೆ. ಇತಿಹಾಸಕಾರರು ಕಲ್ಲಿನ ಈ ಆಸ್ತ್ರೀದ್ರ್‌ಳನ್ನು ಎಸ್ಟ್ರಿಡ್ ಅನ್ನುತ್ತಾರೆ, ಅದೇ ಹೆಸರಿನ ಈ ಕಡೆಯ ರೂಪ. 1995ರಲ್ಲಿ ಇಲ್ಲಿ ಅಗೆದಾಗ ಒಬ್ಬ ವಯಸ್ಸಾದ ಹೆಂಗಸಿನ ಗೋರಿ ಸಿಕ್ಕಿತು. ಅದು ಅವಳದೇ ಇರಬೇಕು ಅಂತ ತಜ್ಞರು ನಂಬುತ್ತಾರೆ.

ನಮ್ಮ ಮಾಸ್ತಿಕಲ್ಲಿನಲ್ಲಿ ಹೆಣ್ಣು ಗಂಡನ ಜೊತೆ ಸತ್ತವಳಾಗಿ ಕಾಣುತ್ತಾಳೆ. ಇಲ್ಲಿ ಅವಳು ಉಳಿದವಳು. ಕಲ್ಲು ಗಂಡನದು, ಆದರೆ ಮೊದಲ ಪದ ಅವಳ ಹೆಸರು. ಇದು ನನಗೆ ತುಂಬಾ ತಟ್ಟಿತು. ಅದೇ ಕಾಲದ ಡೆನ್ಮಾರ್ಕಿನ ರಾಜನೊಬ್ಬನನ್ನು ಸ್ವೆಂಡ್ ಎಸ್ಟ್ರಿಡ್‌ಸನ್ ಅಂತಲೇ ಕರೆಯುತ್ತಾರೆ. ಎಸ್ಟ್ರಿಡ್ ಅವನ ತಾಯಿ, ರಾಜವಂಶ ಅವನಿಗೆ ಬಂದದ್ದು ಅವಳಿಂದ. ನಮ್ಮಲ್ಲಿ ಗೌತಮೀಪುತ್ರ ಶಾತಕರ್ಣಿ ಇದ್ದನಲ್ಲ, ಹಾಗೆ.

ಮಗಳೂ ಪುಟ್ಟ ಆಸ್ಟ್ರಿಡ್‌ಳೂ ಮೊದಲ ಅಕ್ಷರದ ಗೀಟುಗಳ ಮೇಲೆ ಬೆರಳು ಆಡಿಸಿದರು. ಕಲ್ಲು ತಣ್ಣಗೆ ಕೊರೆಯುತ್ತಿತ್ತು. "ಇದು ನಾನು" ಅಂದಳು ಚಿಕ್ಕವಳು. ಅಜ್ಜಿ ಅವಳ ಟೋಪಿ ಸರಿಮಾಡಿ, "ಹೌದು, ನಾನೂ" ಅಂದರು.

ವಾಪಸ್ ಬರುವಾಗ ಮಗಳು ನನ್ನ ಮುತ್ತಜ್ಜಿಯ ಹೆಸರು ಕೇಳಿದಳು. ನನಗೆ ಗೊತ್ತಿರಲಿಲ್ಲ. ಮನೆಗೆ ಬಂದವಳೇ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದರು. "ನಾವೆಲ್ಲ ದೊಡ್ಡವ್ವ ಅಂತಿದ್ವಿ ಕಣೇ. ಹೆಸರು... ಕೇಳಿ ಹೇಳ್ತೀನಿ" ಅಂದರು.

ಮರುದಿನ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಒಂದೇ ಪದ ಬಂದಿತ್ತು: ನಿಂಗಮ್ಮ. ಮಗಳು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು, ಸುತ್ತ ಒಂದು ಹಾವು ಬಿಡಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.