ಮೇಲ್ಮುದ್ದಿ ಕೆಳಗಿನ ಲೈಬ್ರರಿ

ಹೊಸಪೇಟೆಯಿಂದ ಬುಕ್ಕಸಾಗರಕ್ಕೆ ಬಂದು ಕಡೆಬಾಗಿಲು ಸೇತುವೆ ದಾಟಿದರೆ ಕೊಪ್ಪಳ ಜಿಲ್ಲೆ. ಮುಂದಿದ್ದ ಕಾರುಗಳೆಲ್ಲ ಅಂಜನಾದ್ರಿ ಬೆಟ್ಟದ ಕಡೆ ತಿರುಗಿದವು. ನಾವು ಒಂದು ಊರಿನ ಲೈಬ್ರರಿ ನೋಡಲು ಗಂಗಾವತಿ ರಸ್ತೆ ಹಿಡಿದೆವು. ಏಪ್ರಿಲ್ ತಿಂಗಳು, ಎರಡನೇ ಬೆಳೆ ಭತ್ತದ ಕಟಾವು ಜೋರಾಗಿತ್ತು. ಅರ್ಧ ರಸ್ತೆಯಲ್ಲಿ ಭತ್ತ ಒಣಹಾಕಿದ್ದರು, ಉಳಿದರ್ಧದಲ್ಲಿ ನಾವು.

"ಊರಿನ ಹೆಸರು ಬರೀಬ್ಯಾಡ್ರಿ" ಅಂತ ಲೈಬ್ರರಿ ನೋಡಿಕೊಳ್ಳುವ ಮಾಸ್ತರು ಫೋನಿನಲ್ಲೇ ಹೇಳಿದ್ದರು. ಬೆಟ್ಟಕ್ಕೆ ಬಂದವರು ಇಲ್ಲಿಗೂ ನುಗ್ಗಿ ಸೆಲ್ಫಿ ತೆಗೆದುಕೊಂಡು ಹೋದಾರು ಅನ್ನುವ ಭಯ. ಅದೂ ಸರಿಯೇ.

ಲೈಬ್ರರಿ ಇರುವುದು ಹಳೆಯ ಮಾಳಿಗೆ ಮನೆಯಲ್ಲಿ, ಮೇಲ್ಮುದ್ದಿ ಅಂದರೆ ಮಣ್ಣಿನ ಛಾವಣಿಯ ಕೆಳಗೆ. ಕಲ್ಲು ಮಣ್ಣಿನ ಗೋಡೆ, ಎರಡು ಮೊಳ ದಪ್ಪ. ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಹೊರಗೆ ಬಿಸಿಲು 40 ಡಿಗ್ರಿ ದಾಟಿತ್ತು. ಒಳಗೆ ಇದ್ದದ್ದು ಒಂದೇ ಫ್ಯಾನ್, ಅದನ್ನೂ ಯಾರೂ ಹಾಕಿರಲಿಲ್ಲ.

ಮಾಸ್ತರು ಪುಸ್ತಕ ತೋರಿಸುವ ಮೊದಲು ಛಾವಣಿ ತೋರಿಸಿದರು. ಜಂತಿಗಳ ಮೇಲೆ ಒತ್ತೊತ್ತಾಗಿ ಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲು, ಆಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಕರ್ಲು ಮಣ್ಣು, ಅಂದರೆ ಸವಳು ನೆಲದ ಮಣ್ಣು. ತುಂಗಭದ್ರಾ ಕಾಲುವೆ ನೀರು ನಿಂತು ನಿಂತು ಈ ಭಾಗದಲ್ಲಿ ಎಷ್ಟೋ ಹೊಲ ಸವಳಾಗಿವೆ. ರೈತರು ಶಪಿಸುವ ಮಣ್ಣು ಅದು. ಆದರೆ ಮಳೆ ಬಿದ್ದ ಕೂಡಲೇ ಉಬ್ಬಿ ಅಂಟಿಕೊಂಡು, ನೀರನ್ನು ಕೆಳಗೆ ಬಿಡುವುದಿಲ್ಲ. ಬೆಳೆಗೆ ಆಗದ ಗುಣವೇ ಮೇಲ್ಮುದ್ದಿಗೆ ಬೇಕಾದದ್ದು! ಗೋಡೆಯ ಗಿಲಾವಿಗೆ ಮಣ್ಣಿನ ಜೊತೆ ಭತ್ತದ ಹುಲ್ಲು, ಹೊಟ್ಟು ಕಲಸಿ, ಕೆಲವು ದಿನ ಕೊಳೆಯಲು ಬಿಟ್ಟು ಬಳಿದಿದ್ದಾರೆ. ಹತ್ತಿರ ಹೋಗಿ ನೋಡಿದರೆ ಹುಲ್ಲಿನ ಎಳೆ ಕಾಣುತ್ತದೆ. ಚಾಪೆಗಳು ಬಾಳೆ ನಾರಿನವು. ಆನೆಗೊಂದಿಯಲ್ಲಿ ಹೆಂಗಸರು ಈ ನಾರಿನಿಂದ ಬುಟ್ಟಿ, ಚಾಪೆ ಹೆಣೆಯುವುದನ್ನು ನೀವೂ ನೋಡಿರಬಹುದು.

ಊಟ ಮುಗಿಸಿ ಅಜ್ಜಂದಿರು ಒಬ್ಬೊಬ್ಬರೇ ಬಂದರು. ಓದೋಕೆ ಅಂದುಕೊಂಡೆ, ಬಂದಿದ್ದು ಮಲಗೋಕೆ. ಮಾಸ್ತರು ಏನೂ ಅನ್ನಲಿಲ್ಲ. "ತಂಪಿಗಿ ಬರ್ತಾರ್ರಿ. ಎದ್ದ ಮ್ಯಾಲೆ ಪೇಪರ್ ಓದ್ತಾರ." ಹಾಗೇ ಆಯಿತು. ನಾಲ್ಕರ ಹೊತ್ತಿಗೆ ಒಬ್ಬರು ಎದ್ದು ಕೂತು ಭತ್ತದ ರೇಟು ಜೋರಾಗಿ ಓದಿದರು. ಉಳಿದವರು ಮಲಗಿದಲ್ಲೇ ಬೈದರು. ಮೂಲೆಯಲ್ಲಿ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರು ತಲೆ ಎತ್ತಲಿಲ್ಲ. ಕಲ್ಯಾಣ ಕರ್ನಾಟಕದವರಿಗೆ 371ಜೆ ಮೀಸಲಾತಿ ಬಂದ ಮೇಲೆ ಈ ಕಡೆಯ ಮನೆಗಳಲ್ಲಿ ಸರ್ಕಾರಿ ನೌಕರಿಯ ಆಸೆ ಜಾಸ್ತಿ. ಪಡಸಾಲೆಯಲ್ಲಿ ಸ್ವಸಹಾಯ ಸಂಘದವರು ಸಾಲದ ಲೆಕ್ಕ ಮಾಡುತ್ತಿದ್ದರು.

ಪಂಚಾಯಿತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರಿದೆ, ಕೆಲವು ಕಡೆ ಕಂಪ್ಯೂಟರೂ ಬಂದಿದೆ. ಒಳ್ಳೆಯದೇ. ಆದರೆ ಬೇಸಿಗೆಯ ಮಧ್ಯಾಹ್ನ ಕಾದ ಆರ್‌ಸಿಸಿ ಕೋಣೆಯಲ್ಲಿ ಎಷ್ಟು ಹೊತ್ತು ಕೂರೋಕಾಗುತ್ತೆ ಹೇಳಿ? ಇಲ್ಲಿ ಜನ ನೆರಳಿಗೆ ಬರುತ್ತಾರೆ, ಪುಸ್ತಕ ಕೈಗೆ ಸಿಗುತ್ತದೆ.

ತೊಂದರೆಯೂ ಇದೆ. ದಪ್ಪ ಗೋಡೆ ಹಗಲಿನ ಕಾವನ್ನು ತಡವಾಗಿ ಒಳಗೆ ಬಿಡುತ್ತದೆ. ಹಾಗಾಗಿ ರಾತ್ರಿ ಒಳಗೆ ಸೆಕೆ, ಎಲ್ಲರೂ ಹೊರಗಿನ ಕಟ್ಟೆಗೆ ಬಂದು ಕೂರುತ್ತಾರೆ. ಗೆದ್ದಲಿನ ಕಾಟ ಇದ್ದದ್ದೇ. ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಇಟ್ಟಿದ್ದಾರೆ. ಮಳೆಗಾಲಕ್ಕೆ ಮುಂಚೆ ಮೇಲ್ಮುದ್ದಿಗೆ ಹೊಸ ಕರ್ಲು ಹಾಕಬೇಕು. ಆ ಕೆಲಸ ಬಲ್ಲವರು ಊರಲ್ಲಿ ಈಗ ಕಡಿಮೆ. "ತಗಡು ಹಾಕಿಬಿಡ್ರಿ" ಅನ್ನುವವರು ಊರಲ್ಲೇ ಇದ್ದಾರೆ. ಮಾಸ್ತರು ಹುಡುಗರನ್ನು ಏಣಿ ಹತ್ತಿಸಿ ಕಲಿಸುತ್ತಿದ್ದಾರೆ.

ಪುಸ್ತಕ ಕೊಡಬೇಕು ಅನ್ನುವವರಿಗೆ ಅವರದೊಂದು ಮಾತು: ಹಳೇ ಗೈಡು, ಸಿಲಬಸ್ ಬದಲಾದ ಪಠ್ಯಪುಸ್ತಕ ತಂದು ಸುರಿಯಬೇಡಿ. ಅಂಥವು ಎರಡು ಮೂಟೆ ಆಗಲೇ ಬಿದ್ದಿವೆ. ಚಿಕ್ಕ ಮಕ್ಕಳ ಚಿತ್ರದ ಪುಸ್ತಕ ಇದ್ದರೆ ತನ್ನಿ.